ಬಾಬ್ ಡಗ್ಲಸ್ ಮತ್ತು ರೆನ್ಸ್ ತಂಡ

ವೆಸ್ಟ್ ಇಂಡೀಸ್ ಎಂದ ಕೂಡಲೇ ನಿಮಗೆ ಕ್ರಿಕೆಟ್ ನೆನಪಾಗುವುದು ಸಹಜ. ಆದರೆ ಆ ದ್ವೀಪಗಳಲ್ಲೊಂದಾದ ಸೇಂಟ್ ಕಿಟ್ಸ್‌ನಲ್ಲಿ 1882ರ ನವೆಂಬರ್ 4ರಂದು ಹುಟ್ಟಿದ ರಾಬರ್ಟ್ ಡಗ್ಲಸ್ ಹೆಸರು ಮಾಡಿದ್ದು ಬೇರೆ ಆಟದಲ್ಲಿ, ಬೇರೆ ದೇಶದಲ್ಲಿ. ಎಲ್ಲರೂ ಅವರನ್ನು ಬಾಬ್ ಡಗ್ಲಸ್ ಎಂದೇ ಕರೆಯುತ್ತಿದ್ದರು. ಅಮೆರಿಕದ ಕಪ್ಪು ಜನರ ವೃತ್ತಿಪರ ಬಾಸ್ಕೆಟ್‌ಬಾಲಿನ ಪಿತಾಮಹರೆಂದು ಅವರನ್ನು ಇಂದಿಗೂ ಗೌರವಿಸುತ್ತಾರೆ.

ಹೊಟ್ಟೆಪಾಡು ಅರಸಿ ಡಗ್ಲಸ್ ನ್ಯೂಯಾರ್ಕ್ ನಗರಕ್ಕೆ ಬಂದಾಗ ಅವರಿನ್ನೂ ತರುಣರು. ಬಾಸ್ಕೆಟ್‌ಬಾಲ್ ಆಟಕ್ಕೂ ಆಗ ಎಳೆಯ ಪ್ರಾಯವೇ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣು ತುಂಬುವ ಬುಟ್ಟಿಗಳನ್ನು ತೂಗುಹಾಕಿಸಿ ಈ ಆಟವನ್ನು ಆರಂಭಿಸಿದ್ದರು. ಡಗ್ಲಸರಿಗೆ ನೋಡಿದೊಡನೆ ಅದರ ಗೀಳು ಹತ್ತಿತು. ಆದರೆ ಆಡುವುದೆಲ್ಲಿ? ಬಿಳಿಯರ ಕ್ಲಬ್ಬುಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ ಕಪ್ಪು ಹುಡುಗರಿಗೆ ಪ್ರವೇಶವಿರಲಿಲ್ಲ. ಹಾಗಾಗಿ 1908ರ ಸುಮಾರಿಗೆ ಅವರು ಗೆಳೆಯರೊಡನೆ ಸ್ಪಾರ್ಟನ್ ಎಂಬ ತಮ್ಮದೇ ಕ್ಲಬ್ಬನ್ನು ಕಟ್ಟಿದರು. ತವರಿನ ಕ್ರಿಕೆಟ್ಟಿಗೂ ಅಲ್ಲಿ ಜಾಗವಿತ್ತು ಎಂಬುದನ್ನು ಕೇಳಿದರೆ ನಿಮಗೆ ಸಂತೋಷವಾದೀತು.

ನ್ಯೂಯಾರ್ಕಿನ ಹಾರ್ಲೆಮ್ ಕಪ್ಪು ಜನರು ಹೆಚ್ಚಾಗಿ ನೆಲೆಸಿದ್ದ ಭಾಗ. ಅಲ್ಲಿ ರೆನೈಸಾನ್ಸ್ ಎಂಬ ದೊಡ್ಡ ನೃತ್ಯಮಂದಿರವೊಂದಿತ್ತು. ಅದರ ಒಡೆಯ ವಿಲಿಯಂ ರೋಚ್ ಕೂಡ ಕೆರಿಬಿಯನ್ ದ್ವೀಪದಿಂದ ಬಂದವರು. ಡಗ್ಲಸ್ ಅವರ ಮುಂದೆ ಒಂದು ಕರಾರು ಇಟ್ಟರು. ತಮ್ಮ ತಂಡಕ್ಕೆ ಮಂದಿರದ ಹೆಸರನ್ನೇ ಇಡುವುದು, ಅದರಿಂದ ಮಂದಿರಕ್ಕೆ ಪ್ರಚಾರ. ಪ್ರತಿಯಾಗಿ ಅಭ್ಯಾಸಕ್ಕೂ ಪಂದ್ಯಕ್ಕೂ ಆ ಅಂಗಣ ಸಿಗಬೇಕು. ಹೀಗೆ ಹುಟ್ಟಿದ ತಂಡ ನ್ಯೂಯಾರ್ಕ್ ರೆನೈಸಾನ್ಸ್. ಅಭಿಮಾನಿಗಳ ಬಾಯಲ್ಲಿ ಅದು ಚಿಕ್ಕದಾಗಿ ರೆನ್ಸ್ ಆಯಿತು. 1923ರ ನವೆಂಬರ್ 3ರಂದು ಮೊದಲ ಪಂದ್ಯದಲ್ಲಿ 28–22 ಅಂಕಗಳಿಂದ ಗೆದ್ದಿತು. ನೃತ್ಯಕ್ಕೆಂದು ನುಣುಪು ಮಾಡಿದ ನೆಲದ ಮೇಲೆ ಜಾರುತ್ತ ಏಳುತ್ತ ಆಟ. ಆಟ ಮುಗಿದೊಡನೆ ಅದೇ ನೆಲದ ಮೇಲೆ ವಾದ್ಯಗೋಷ್ಠಿ, ಕುಣಿತ.

ಆ ಕಾಲದಲ್ಲಿ ಆಟಗಾರನಿಗೆ ಪಂದ್ಯಕ್ಕೆ ಇಷ್ಟು ಎಂದು ಹಣ ಕೊಡುವುದು ರೂಢಿ. ಹೆಚ್ಚು ಕೊಡುವವರು ಸಿಕ್ಕರೆ ಆತ ನಾಳೆ ಬೇರೆ ತಂಡದಲ್ಲಿರುತ್ತಿದ್ದ. ಡಗ್ಲಸ್ ತಮ್ಮವರೊಡನೆ ಇಡೀ ಋತುವಿಗೆ ಒಪ್ಪಂದ ಮಾಡಿಕೊಂಡರು. ಒಬ್ಬರನ್ನೊಬ್ಬರು ಬಲ್ಲ ಏಳೆಂಟು ಮಂದಿ ವರ್ಷಗಟ್ಟಲೆ ಒಟ್ಟಿಗೆ ಆಡಿದರು. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡುವುದಕ್ಕಿಂತ ಕೈಯಿಂದ ಕೈಗೆ ಮಿಂಚಿನಂತೆ ದಾಟಿಸುವುದು ಅವರ ಆಟದ ಬಗೆ.

1925ರಲ್ಲಿ ಅಮೆರಿಕನ್ ಬಾಸ್ಕೆಟ್‌ಬಾಲ್ ಲೀಗ್ ಆರಂಭವಾಯಿತು. ಅದರಲ್ಲಿ ಕಪ್ಪು ತಂಡಕ್ಕೆ ಸ್ಥಾನವಿರಲಿಲ್ಲ. ಆದರೂ ರೆನ್ಸ್ ತಂಡವನ್ನು ಎದುರಿಸಲು ಹಿಂಜರಿಯದ ಬಿಳಿಯರ ತಂಡವೊಂದಿತ್ತು, ಒರಿಜಿನಲ್ ಸೆಲ್ಟಿಕ್ಸ್. (ಇದು ನ್ಯೂಯಾರ್ಕಿನ ತಂಡ, ಮುಂದೆ ಪ್ರಸಿದ್ಧವಾದ ಬಾಸ್ಟನ್ ಸೆಲ್ಟಿಕ್ಸ್ ಬೇರೆ.) 1926–27ರಲ್ಲಿ ಎರಡೂ ತಂಡಗಳು ಆರು ಸಲ ಸೆಣಸಿ ತಲಾ ಮೂರನ್ನು ಗೆದ್ದವು. ಆನಂತರದ ವರ್ಷಗಳಲ್ಲಿ ಸೆಲ್ಟಿಕ್ಸ್‌ನ ಜೋ ಲ್ಯಾಪ್‌ಚಿಕ್ ಪಂದ್ಯಕ್ಕೆ ಮುನ್ನ ಅಂಗಣದ ನಡುವೆ ರೆನ್ಸ್‌ನ ಚಾರ್ಲ್ಸ್ ಕೂಪರರನ್ನು ಎಲ್ಲರೆದುರು ಅಪ್ಪಿಕೊಳ್ಳುತ್ತಿದ್ದರು. ಹಾಗೆ ಅಪ್ಪಿಕೊಂಡದ್ದಕ್ಕೇ ಪ್ರೇಕ್ಷಕರು ಕೆರಳುತ್ತಿದ್ದ ಕಾಲ ಅದು. ಲ್ಯಾಪ್‌ಚಿಕ್ ಎಂಬ ಈ ಹೆಸರನ್ನು ನೆನಪಿಟ್ಟುಕೊಳ್ಳಿ.

1929ರಲ್ಲಿ ಆರಂಭವಾದ ಆರ್ಥಿಕ ಕುಸಿತ ಹಾರ್ಲೆಮ್ ಜನರ ಕೈ ಬರಿದು ಮಾಡಿತು. ಟಿಕೆಟ್ ಕೊಳ್ಳುವವರು ಕಡಿಮೆಯಾದಾಗ ಡಗ್ಲಸ್ ತಂಡವನ್ನು ಬಸ್ಸು ಹತ್ತಿಸಿದರು. ಊರೂರು ಸುತ್ತಿ ಆಡುವುದು, ಸಿಕ್ಕ ಹಣದಲ್ಲಿ ಬದುಕುವುದು. ಆಡಲು ಕರೆದ ಊರೇ ಊಟಕ್ಕೆ, ನಿದ್ರೆಗೆ ಬಾಗಿಲು ಮುಚ್ಚುತ್ತಿತ್ತು. ಅನೇಕ ಹೋಟೆಲುಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲೇ ತಣ್ಣನೆಯ ತಿಂಡಿ ತಿಂದು ಅಲ್ಲೇ ಒರಗುತ್ತಿದ್ದರು. ಇಲ್ಲವೇ ಷಿಕಾಗೊ, ಇಂಡಿಯಾನಾಪೊಲಿಸ್‌ನಂತಹ ನಗರಗಳ ಕಪ್ಪು ಜನರ ಕೇರಿಯಲ್ಲಿ ಬಿಡಾರ ಹೂಡಿ, ಮುನ್ನೂರು ಕಿಲೋಮೀಟರಿನಷ್ಟು ದೂರ ಹೋಗಿ ಆಡಿ, ರಾತ್ರಿಯೇ ಮರಳುತ್ತಿದ್ದರು. ತಂಡದ ಜತೆಗಿದ್ದ ವ್ಯವಸ್ಥಾಪಕ ಎರಿಕ್ ಇಲ್ಲಿಡ್ಜ್ ಪ್ರೇಕ್ಷಕರ ತಲೆ ಎಣಿಸಿ, ಸಲ್ಲಬೇಕಾದ ಹಣ ಕೈಗೆ ಬಂದ ಮೇಲೆಯೇ ಆಟಗಾರರನ್ನು ಅಂಗಣಕ್ಕೆ ಬಿಡುತ್ತಿದ್ದರು. ತೀರ್ಪುಗಾರರನ್ನೂ ನಂಬುವಂತಿರಲಿಲ್ಲ. ಆದ್ದರಿಂದ ಬೇಗನೆ ಹತ್ತು ಅಂಕಗಳ ಮುನ್ನಡೆ ಪಡೆಯುವುದು ತಂಡದ ನಿಯಮ. ಆ ಹತ್ತು ಅಂಕ ತೀರ್ಪುಗಾರರ ಪಾಲಿಗೆ! ನಿಜವಾದ ಆಟ ಅಲ್ಲಿಂದ ಮುಂದೆ.

ಇಂತಹ ಅಲೆದಾಟದ ನಡುವೆಯೇ 1932–33ರ ಋತು ಬಂತು. ಆ ಋತುವಿನಲ್ಲಿ ರೆನ್ಸ್ 120 ಪಂದ್ಯಗಳನ್ನು ಗೆದ್ದು 8ರಲ್ಲಷ್ಟೇ ಸೋತಿತು. ಅದರಲ್ಲೂ 86 ದಿನಗಳಲ್ಲಿ ಸತತ 88 ಗೆಲುವು. ಲೆಕ್ಕ ಹಾಕಿ ನೋಡಿ, ದಿನಕ್ಕೊಂದಕ್ಕಿಂತ ಹೆಚ್ಚು. ಕೊನೆಗೆ ಆ ಸರಪಳಿಯನ್ನು ತುಂಡರಿಸಿದ್ದು ಹಳೆಯ ಎದುರಾಳಿ ಸೆಲ್ಟಿಕ್ಸ್ ತಂಡವೇ.

ಇಷ್ಟಾದರೂ ವಿಶ್ವವಿಜೇತರೆಂದು ಹೇಳಿಕೊಳ್ಳಲು ಎಲ್ಲರಿಗೂ ತೆರೆದ ಪಂದ್ಯಾವಳಿ ಬೇಕಲ್ಲ? ಅದು 1939ರ ಮಾರ್ಚಿನಲ್ಲಿ ಷಿಕಾಗೊದಲ್ಲಿ ನಡೆಯಿತು. ಬಿಳಿಯರ ತಂಡಗಳ ಜತೆ ಎರಡು ಕಪ್ಪು ತಂಡಗಳಿಗೂ ಆಹ್ವಾನವಿತ್ತು: ರೆನ್ಸ್ ಮತ್ತು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್. ಉಪಾಂತ್ಯದಲ್ಲಿ ಇವೆರಡೇ ಎದುರುಬದುರಾದವು. ರೆನ್ಸ್ 27–23ರಿಂದ ಗೆದ್ದಿತು. ಮಾರ್ಚ್ 28ರ ಅಂತಿಮ ಪಂದ್ಯದಲ್ಲಿ ಬಿಳಿಯರ ಬಲಿಷ್ಠ ತಂಡ ಓಷ್‌ಕೋಷ್ ಆಲ್‌ಸ್ಟಾರ್ಸ್ ಅನ್ನು 34–25ರಿಂದ ಮಣಿಸಿತು. ಬಹುಮಾನ ಸಾವಿರ ಡಾಲರ್.

ಡಗ್ಲಸ್ ಹಿಗ್ಗಿನಿಂದ ಆಟಗಾರರಿಗೆಲ್ಲ ಜಾಕೆಟ್ ಮಾಡಿಸಿಕೊಟ್ಟರು. ಬೆನ್ನ ಮೇಲೆ ವರ್ಣೀಯರ ವಿಶ್ವ ಚಾಂಪಿಯನ್ನರು ಎಂಬ ಬರಹವಿತ್ತು. ತಂಡದ ತರುಣ ಆಟಗಾರ ಜಾನ್ ಐಸಾಕ್ಸ್ ಅದನ್ನು ನೋಡಿದರು. ಒಂದು ಬ್ಲೇಡು ತಂದು, ಬಟ್ಟೆ ಹರಿಯದಂತೆ, ವರ್ಣೀಯರ ಎಂಬ ಒಂದೇ ಶಬ್ದದ ದಾರವನ್ನು ಬಿಚ್ಚಿ ತೆಗೆದರು. ಹೊಸ ಜಾಕೆಟ್ ಹಾಳಾಯಿತೆಂದು ಡಗ್ಲಸ್ ಆಕ್ಷೇಪಿಸಿದರು. ಹಾಳು ಮಾಡಲಿಲ್ಲ, ಸರಿಪಡಿಸಿದೆ ಎಂಬುದು ಐಸಾಕ್ಸರ ಉತ್ತರವಾಗಿತ್ತು. ಇಲ್ಲಿ ಡಗ್ಲಸರನ್ನು ಆಡಿಕೊಳ್ಳುವುದು ಸುಲಭ. ಆದರೆ ಆ ಶಬ್ದವನ್ನು ಅವರು ಬಯಸಿ ಪಡೆದವರಲ್ಲ. ಕಾಲಿಟ್ಟ ಕಡೆಯಲ್ಲೆಲ್ಲ ಅಮೆರಿಕ ಅದನ್ನು ಅವರಿಗೆ ಅಂಟಿಸಿತ್ತು. ಅದನ್ನು ಕಿತ್ತುಹಾಕಬಹುದೆಂದು ಹೊಳೆದದ್ದು ಅವರ ತಂಡದಲ್ಲೇ ಬೆಳೆದ ಹುಡುಗನಿಗೆ.

ಆಮೇಲಿನ ಕಥೆ ಅಷ್ಟು ಹಿತವಾದುದಲ್ಲ. 1948ರಲ್ಲಿ ಅದೇ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ರೆನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್‌ಗೆ 75–71ರಿಂದ ಸೋತಿತು. ಎದುರಾಳಿ ಜಾರ್ಜ್ ಮೈಕನ್ ಒಬ್ಬರೇ 40 ಅಂಕ ಗಳಿಸಿದ್ದರು. ಆ ವರ್ಷದ ಕೊನೆಗೆ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ತಂಡವೊಂದು ನಡುವೆಯೇ ಮುಚ್ಚಿಹೋದಾಗ ಆ ಜಾಗಕ್ಕೆ ರೆನ್ಸ್ ಬಂತು. ಇಪ್ಪತ್ತೈದು ವರ್ಷ ಕಾದ ಬಾಗಿಲು ತೆರೆದದ್ದು ಹೀಗೆ! ಹಾರ್ಲೆಮ್ ಬಿಟ್ಟು ಡೇಟನ್ ಎಂಬ ಅಪರಿಚಿತ ಊರಿನ ಹೆಸರಿನಲ್ಲಿ ಆಡಬೇಕಾಯಿತು. ಮುಚ್ಚಿದ ತಂಡದ 17 ಸೋಲುಗಳನ್ನೂ ತಲೆಯ ಮೇಲೆ ಹೊರಬೇಕಾಯಿತು. ತಾನು ಆಡಿದ 40 ಪಂದ್ಯಗಳಲ್ಲಿ ರೆನ್ಸ್ ಗೆದ್ದದ್ದು 14. ನೋಡಲು ಜನರೂ ಬರಲಿಲ್ಲ. 1949ರಲ್ಲಿ ಎರಡು ಲೀಗುಗಳು ಕೂಡಿ ಇಂದಿನ ಎನ್.ಬಿ.ಎ. ಆದಾಗ ಅದರಲ್ಲಿ ರೆನ್ಸ್ ಇರಲಿಲ್ಲ. ಸುಮಾರು 2,588 ಗೆಲುವು, 539 ಸೋಲುಗಳ ದಾಖಲೆಯೊಂದಿಗೆ ತಂಡ ಮುಗಿಯಿತು.

ಮರುವರ್ಷ, 1950ರಲ್ಲಿ, ಎನ್.ಬಿ.ಎ. ಮೊದಲ ಬಾರಿಗೆ ಕಪ್ಪು ಆಟಗಾರರನ್ನು ಸೇರಿಸಿಕೊಂಡಿತು. ಅವರಲ್ಲಿ ನ್ಯಾಟ್ ಕ್ಲಿಫ್ಟನ್ ಹಿಂದೆ ರೆನ್ಸ್‌ನಲ್ಲಿ ಆಡಿದವರು. ಅವರು ಸೇರಿದ್ದು ನ್ಯೂಯಾರ್ಕ್ ನಿಕ್ಸ್ ತಂಡವನ್ನು. ಅಲ್ಲಿನ ತರಬೇತುದಾರರು ಯಾರು ಗೊತ್ತೇ? ಅದೇ ಜೋ ಲ್ಯಾಪ್‌ಚಿಕ್.

ಡಗ್ಲಸ್ ಆಮೇಲೂ ಬಹುಕಾಲ ಹಾರ್ಲೆಮ್‌ನ ಆ ನೃತ್ಯಮಂದಿರವನ್ನು ನಡೆಸಿಕೊಂಡು ಹೋದರು. ನೈಸ್ಮಿತ್ ಅವರ ನೆನಪಿಗೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ಥಾಪಿಸಿದ ಬಾಸ್ಕೆಟ್‌ಬಾಲ್ ಕೀರ್ತಿಮಂದಿರಕ್ಕೆ 1963ರಲ್ಲಿ ರೆನ್ಸ್ ತಂಡವನ್ನು ಸೇರಿಸಲಾಯಿತು. 1972ರಲ್ಲಿ ಡಗ್ಲಸರ ಹೆಸರೂ ಸೇರಿತು; ವ್ಯಕ್ತಿಯಾಗಿ ಆ ಗೌರವ ಪಡೆದ ಕಪ್ಪು ಜನರಲ್ಲಿ ಅವರೇ ಮೊದಲಿಗರು. ಆಗ ಅವರ ವಯಸ್ಸು 89. 1979ರ ಜುಲೈ 16ರಂದು, 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಜಾಕೆಟ್ಟಿನ ದಾರ ಬಿಚ್ಚಿದ ಐಸಾಕ್ಸರಿಗೆ ಕೀರ್ತಿಮಂದಿರದಲ್ಲಿ ಜಾಗ ಸಿಕ್ಕಿದ್ದು 2015ರಲ್ಲಿ, ಅವರು ತೀರಿಕೊಂಡು ಆರು ವರ್ಷಗಳಾದ ಮೇಲೆ. ರೆನೈಸಾನ್ಸ್ ನೃತ್ಯಮಂದಿರವನ್ನು ಕೆಡವಿದ್ದೂ ಅದೇ ವರ್ಷ.