ರೈತನ ಮಗ, ಯಂತ್ರಗಳ ಮಾಂತ್ರಿಕ: ಜಿ. ಡಿ. ನಾಯ್ಡು

ಕೊಯಮತ್ತೂರು ಎಂದರೆ ನಮ್ಮ ಕೃಷಿಕರಿಗೆ ಮೊದಲು ನೆನಪಾಗುವುದು ಪಂಪ್‌ಸೆಟ್. ಆ ಊರಿಗೆ ಈ ಹೆಸರು ತಂದವರಲ್ಲಿ ಜಿ. ಡಿ. ನಾಯ್ಡು ಪ್ರಮುಖರು. ಭಾರತದ ಎಡಿಸನ್ ಎಂದೇ ಅವರು ಖ್ಯಾತರು. ಕಾಲೇಜಿನ ಮೆಟ್ಟಿಲು ಹತ್ತದ ಈ ರೈತನ ಮಗನ ಬದುಕನ್ನು ಓದುಗರಿಗೆ ಪರಿಚಯಿಸುತ್ತಿದ್ದೇವೆ.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು 1893ರ ಮಾರ್ಚ್ 23ರಂದು ಕೊಯಮತ್ತೂರು ಸಮೀಪದ ಕಲಂಗಲ್ ಗ್ರಾಮದಲ್ಲಿ ಜನಿಸಿದರು. ಬೇಸಾಯದ ಕುಟುಂಬ. ಎಳವೆಯಲ್ಲೇ ತಾಯಿ ತೀರಿಕೊಂಡರು. ಶಾಲೆ ಹುಡುಗನಿಗೆ ಒಗ್ಗಲಿಲ್ಲ. ಓದು ಬಿಟ್ಟು ತಂದೆಯ ಹೊಲದಲ್ಲಿ ದುಡಿಯತೊಡಗಿದರು.

ಒಂದು ದಿನ ಬ್ರಿಟಿಷ್ ಅಧಿಕಾರಿಯೊಬ್ಬರು ಮೋಟಾರ್ ಸೈಕಲ್ ಏರಿ ಆ ಕಡೆ ಬಂದರು. ಎತ್ತು, ಕುದುರೆ ಯಾವುದೂ ಇಲ್ಲದೆ ಓಡುವ ಗಾಡಿಯನ್ನು ನಾಯ್ಡು ಅದುವರೆಗೆ ಕಂಡಿರಲಿಲ್ಲ. ಅಂಥದ್ದೊಂದು ತನಗೂ ಬೇಕೆಂದು ಹೊಲ ಬಿಟ್ಟು ಪಟ್ಟಣಕ್ಕೆ ನಡೆದರು. ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಕಾಸಿಗೆ ಕಾಸು ಕೂಡಿಸಿದರು. ಕೊನೆಗೆ 300 ರೂಪಾಯಿ ಕೊಟ್ಟು ಆ ಮೋಟಾರ್ ಸೈಕಲನ್ನು ಕೊಂಡರು. ಕೊಂಡದ್ದು ಸವಾರಿಗೆಂದು ನಾವು ಭಾವಿಸಬಹುದು. ಅವರು ಮಾಡಿದ್ದು ಬೇರೆ. ಅದರ ಭಾಗಗಳನ್ನೆಲ್ಲ ಬಿಚ್ಚಿ ಹರಡಿ, ಮತ್ತೆ ಜೋಡಿಸಿದರು. ಅವರ ಇಂಜಿನಿಯರಿಂಗ್ ಕಾಲೇಜು ಅದೇ ಎನ್ನಬೇಕು. ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಕೆಲಸ ಕಲಿತವರನ್ನು ಕಂಡಿರುವ ನಮಗೆ ಈ ಬಗೆಯ ಕಲಿಕೆ ಹೊಸತೇನಲ್ಲ.

ಮುಂದೆ ಹತ್ತಿಯ ವ್ಯಾಪಾರಕ್ಕೆ ಕೈಹಾಕಿ ಮುಂಬಯಿಯಲ್ಲಿ ಹಣ ಕಳೆದುಕೊಂಡರು. ಬರಿಗೈಯಲ್ಲಿ ಮರಳಿದವರಿಗೆ ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್ ನೆರವಾದರು. 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದೇ ಒಂದು ಬಸ್ ಓಡಿಸಲು ಆರಂಭಿಸಿದರು. 1933ರ ವೇಳೆಗೆ ಅವರ ಯುನಿವರ್ಸಲ್ ಮೋಟಾರ್ ಸರ್ವಿಸ್ ಸಂಸ್ಥೆಯಲ್ಲಿ 280 ಬಸ್ಸುಗಳಿದ್ದವು. ನಮ್ಮ ಕರಾವಳಿಯ ಹಿರಿಯರಿಗೆ ಸಿಪಿಸಿ, ಶಂಕರ ವಿಠಲ ಬಸ್ಸುಗಳು ಹೇಗೋ, ಆ ಸೀಮೆಯವರಿಗೆ ಇವು ಹಾಗೆ.

1937ರಲ್ಲಿ ಪೀಳಮೇಡುವಿನಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಂದಿಗೆ ಸೇರಿ ವಿದ್ಯುತ್ ಮೋಟಾರ್ ತಯಾರಿಸಿದರು. ದೇಶದಲ್ಲೇ ತಯಾರಾದ ಮೊದಲ ಮೋಟಾರ್ ಅದೆಂದು ಪರಿಗಣಿಸಲಾಗಿದೆ. ಇದರ ಬೆಲೆ ನಾಲೆ ಇಲ್ಲದ ಊರಿನವರಿಗೆ ಗೊತ್ತು. ಸಾಲಿಗ್ರಾಮದಲ್ಲಿ (ಉಡುಪಿಯದ್ದಲ್ಲ, ಮೈಸೂರು ಜಿಲ್ಲೆಯದ್ದು) ಕಾವೇರಿಯ ನಾಲೆ ನೀರಿನಿಂದ ಭತ್ತ ಬೆಳೆಯುತ್ತಾರೆ. ಕೊಯಮತ್ತೂರಿನ ಒಣಭೂಮಿಗೆ ಆಳವಾದ ಬಾವಿಯೇ ಗತಿ. ಎತ್ತು ಕಟ್ಟಿ ಕಪಿಲೆ ಎಳೆಯುತ್ತಿದ್ದ ಕಡೆ ಮೋಟಾರ್ ಬಂತು.

ಬ್ಯಾಟರಿಯಿಂದ ನಡೆಯುವ ಕ್ಷೌರದ ಯಂತ್ರ, ತೆಳ್ಳನೆಯ ಬ್ಲೇಡು, ಹಣ್ಣಿನ ರಸ ಹಿಂಡುವ ಸಾಧನ, ಸೀಮೆಎಣ್ಣೆಯ ಫ್ಯಾನು, ಮೋಸಕ್ಕೆ ಎಡೆಯಿಲ್ಲದ ಮತಯಂತ್ರ, ಹೀಗೆ ಅವರ ಆವಿಷ್ಕಾರಗಳು ಹಲವು. 1941ರಲ್ಲಿ ಐದು ವಾಲ್ವಿನ ರೇಡಿಯೋವನ್ನು ಕೇವಲ 70 ರೂಪಾಯಿಗೆ ಕೊಡಬಲ್ಲೆನೆಂದು ಘೋಷಿಸಿದರು. 1952ರಲ್ಲಿ 2,000 ರೂಪಾಯಿಯ, ಇಬ್ಬರು ಕೂರುವ ಪೆಟ್ರೋಲ್ ಕಾರು ಸಿದ್ಧವಾಯಿತು. ಆದರೆ ಅದನ್ನು ತಯಾರಿಸಲು ಸರಕಾರ ಪರವಾನಗಿ ಕೊಡಲಿಲ್ಲ. ಪೇಟೆಂಟ್ ಇದ್ದವನು ತನ್ನ ವಸ್ತುವನ್ನು ಬೇರೆಯವರು ನಕಲು ಮಾಡದಂತೆ ತಡೆಯಬಹುದು, ಅಷ್ಟೆ. ಆ ಕಾಲದಲ್ಲಿ ಕಾರ್ಖಾನೆ ನಡೆಸಲು ಅದು ಸಾಲದು, ಸರಕಾರದ ಒಪ್ಪಿಗೆಯೂ ಬೇಕಿತ್ತು. ಸಾಮಾನ್ಯ ಕುಟುಂಬವೊಂದು ಕೊಳ್ಳಬಹುದಾಗಿದ್ದ ಕಾರು ರಸ್ತೆಗೆ ಇಳಿಯಲೇ ಇಲ್ಲ. ಇದು ನಾಯ್ಡು ಒಬ್ಬರ ನಷ್ಟವೆಂದು ನಮಗೆ ಅನಿಸುವುದಿಲ್ಲ.

1945ರಲ್ಲಿ ಅವರ ಕೊಡುಗೆಯಿಂದ ಆರ್ಥರ್ ಹೋಪ್ ತಾಂತ್ರಿಕ ಕಾಲೇಜು ಆರಂಭವಾಯಿತು. ನಾಲ್ಕು ವರ್ಷದ ಇಂಜಿನಿಯರಿಂಗ್ ಓದು ಸಮಯದ ಅಪವ್ಯಯ, ಎರಡು ವರ್ಷ ಸಾಕು ಎಂಬುದು ಅವರ ವಾದ. ಸರಕಾರ ಒಪ್ಪಲಿಲ್ಲ, ನಾಯ್ಡು ಪ್ರಾಂಶುಪಾಲ ಹುದ್ದೆ ತೊರೆದರು. ಸ್ವಂತ ಪ್ರತಿಭೆಯ ಅಳತೆಯಿಂದಲೇ ಎಲ್ಲ ಹುಡುಗರನ್ನೂ ಅಳೆದರೇನೋ ಎಂದು ನಮಗೆ ತೋರುತ್ತದೆ. ಆ ಸಂಸ್ಥೆ ಇಂದು ಕೊಯಮತ್ತೂರಿನ ಸರಕಾರಿ ತಾಂತ್ರಿಕ ಕಾಲೇಜಾಗಿ ನಡೆಯುತ್ತಿದೆ.

ಬೇಸಾಯದ ನಂಟನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಹತ್ತಿ, ಜೋಳ, ಪಪ್ಪಾಯಿ ಗಿಡಗಳ ಮೇಲೆ ಪ್ರಯೋಗ ನಡೆಸುತ್ತಲೇ ಇದ್ದರು. ಅವರ ತೋಟ ನೋಡಲು ಬಂದವರಲ್ಲಿ ಸರ್ ಸಿ. ವಿ. ರಾಮನ್ ಮತ್ತು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದರು. 1974ರ ಜನವರಿ 4ರಂದು ನಾಯ್ಡು ನಿಧನರಾದರು. ಅವರ ಯಂತ್ರಗಳನ್ನು ಕೊಯಮತ್ತೂರಿನ ಅವಿನಾಶಿ ರಸ್ತೆಯ ಜಿ. ಡಿ. ನಾಯ್ಡು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.