ಚಾಂಪಿಯನ್ ಆಗದ ಎಂಜಿನಿಯರ್: ವಾಲ್ಟರ್ ಕಾಡೆನ್

ನಮ್ಮ ಹಾಸ್ಟೆಲ್ ಹಿಂದಿನ ರಸ್ತೆಯಲ್ಲಿ ದಿನಾ ಸಂಜೆ ಒಂದು ಆರ್‌ಎಕ್ಸ್ 100 ಹೋಗುತ್ತೆ. ಗಾಡಿ ಕಾಣಿಸುವ ಮೊದಲೇ ಸೌಂಡು ಬರುತ್ತೆ. ನಾಳೆ ಇಂಟರ್ನಲ್ಸ್ ಇದ್ದರೂ ಕಿಟಕಿಗೆ ಹೋಗಿ ಇಣುಕುವ ನಾಲ್ಕು ಜನ ಪ್ರತಿ ಫ್ಲೋರ್‌ನಲ್ಲೂ ಇದ್ದಾರೆ. ಗಾಡಿಯ ವಯಸ್ಸು ನಮ್ಮೆಲ್ಲರಿಗಿಂತ ಜಾಸ್ತಿ. 98 ಸಿಸಿ ಎಂಜಿನ್, 11 ಎಚ್‌ಪಿ. ಲೆಕ್ಕ ಹಾಕಿದರೆ ಲೀಟರಿಗೆ 110ಕ್ಕಿಂತ ಹೆಚ್ಚು ಎಚ್‌ಪಿ. ಈಗಿನ ಎಷ್ಟೋ 125 ಸಿಸಿ ಗಾಡಿಗಳು ಫ್ಯುಯೆಲ್ ಇಂಜೆಕ್ಷನ್ ಇಟ್ಟುಕೊಂಡೂ ಹನ್ನೊಂದು ಹನ್ನೆರಡರ ಹತ್ತಿರವೇ ಇವೆ.

ಇಷ್ಟು ಚಿಕ್ಕ ಟು-ಸ್ಟ್ರೋಕ್ ಎಂಜಿನ್ನಿನಿಂದ ಇಷ್ಟು ಶಕ್ತಿ ತೆಗೆಯಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟವನು ಜಪಾನಿನವನಲ್ಲ. ಪೂರ್ವ ಜರ್ಮನಿಯ ಒಂದು ಸಣ್ಣ ಊರಿನ ಎಂಜಿನಿಯರ್, ಹೆಸರು ವಾಲ್ಟರ್ ಕಾಡೆನ್. ರೇಸಿಂಗ್ ಗೊತ್ತಿರುವವರ ನಡುವೆ ಅವನದು ದೊಡ್ಡ ಹೆಸರು. ಅವನ ವಿದ್ಯೆಯಿಂದ ಬೇರೆಯವರು ವಿಶ್ವ ಚಾಂಪಿಯನ್ ಆದರು. ರೋಡ್ ರೇಸಿಂಗ್‌ನಲ್ಲಿ ಅವನ ತಂಡಕ್ಕೆ ಮಾತ್ರ ಆ ಪಟ್ಟ ಒಮ್ಮೆಯೂ ಸಿಗಲಿಲ್ಲ.

ಕಾಡೆನ್ ಹುಟ್ಟಿದ್ದು 1919ರ ಸೆಪ್ಟೆಂಬರ್ 1ರಂದು, ಸಾಕ್ಸನಿ ಪ್ರಾಂತ್ಯದ ಪೋಬರ್ಶಾವ್ ಎಂಬಲ್ಲಿ. ಹತ್ತಿರದ ಚೋಪಾವ್ ಊರಿನಲ್ಲಿ ಡಿಕೆಡಬ್ಲ್ಯು ಕಾರ್ಖಾನೆ ಇತ್ತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟಾರ್‌ಸೈಕಲ್ ತಯಾರಿಸುತ್ತಿದ್ದ ಕಂಪನಿ. ಕಾಡೆನ್‌ನ ಅಪ್ಪ ಅಲ್ಲಿನ ಮಾರಾಟ ವಿಭಾಗದ ಮುಖ್ಯಸ್ಥನಿಗೆ ಕಾರ್ ಡ್ರೈವರ್. 1927ರಲ್ಲಿ ನ್ಯೂರ್‌ಬರ್ಗ್‌ರಿಂಗ್ ಸರ್ಕ್ಯೂಟ್ ಉದ್ಘಾಟನೆಗೆ ಏಳು ವರ್ಷದ ಹುಡುಗ ಅಪ್ಪನ ಜೊತೆ ಹೋಗಿದ್ದ. ಅಲ್ಲಿಂದ ಹತ್ತಿದ ಹುಚ್ಚು ಕೊನೆವರೆಗೂ ಬಿಡಲಿಲ್ಲ.

ಓದಿದ್ದು ಕೆಮ್ನಿಟ್ಸ್‌ನ ತಾಂತ್ರಿಕ ಕಾಲೇಜಿನಲ್ಲಿ. ಹೊರಗೆ ಬರುವಷ್ಟರಲ್ಲಿ ಯುದ್ಧ. 1940ರಲ್ಲಿ ಬರ್ಲಿನ್ ಬಳಿಯ ಹೆನ್ಷೆಲ್ ವಿಮಾನ ಕಾರ್ಖಾನೆ ಸೇರಿದ. ಅನೇಕ ಕಡೆ ಅವನು ವಿ-2 ರಾಕೆಟ್ ಮಾಡಿದವನು ಅಂತ ಬರೆದಿರುತ್ತಾರೆ, ಅದು ಸರಿಯಲ್ಲ. ಅವನಿದ್ದದ್ದು ಹರ್ಬರ್ಟ್ ವಾಗ್ನರ್ ತಂಡದಲ್ಲಿ. ವಿಮಾನದಿಂದ ಬಿಟ್ಟು, ರೇಡಿಯೋ ಮೂಲಕ ದಾರಿ ತೋರಿಸಿ ಹಡಗುಗಳ ಮೇಲೆ ಬೀಳಿಸುವ ಎಚ್‌ಎಸ್ 293 ಎಂಬ ಬಾಂಬು ಅವರ ಕೆಲಸ. ವಿ-2 ಅಲ್ಲ ಅಂದ ಮಾತ್ರಕ್ಕೆ ಈ ಅಧ್ಯಾಯ ಹಗುರವಾಗುವುದಿಲ್ಲ. ಆ ಬಾಂಬಿನಿಂದ ಮುಳುಗಿದ ಹಡಗುಗಳಲ್ಲಿ ಜನ ಇದ್ದರು. ಕಾಡೆನ್‌ನ ಅಭಿಮಾನಿಗಳು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುತ್ತಾರೆ.

ಯುದ್ಧ ಮುಗಿದಾಗ ಅಮೆರಿಕನ್ನರು ಕೆಲಕಾಲ ಬಂಧನದಲ್ಲಿಟ್ಟರು. ಬಿಡುಗಡೆಯಾಗಿ ಚೋಪಾವ್‌ಗೆ ವಾಪಸ್ ಬಂದು ಕಾಡೆನ್ ಶುರು ಮಾಡಿದ್ದು ಮರದ ವ್ಯಾಪಾರ, ಮನೆಯ ಛಾವಣಿಗೆ ಹಾಕುವ ಮರದ ಚೌಕಟ್ಟುಗಳದ್ದು. ಬಾಂಬು ಬಿದ್ದು ಹಾಳಾದ ದೇಶದಲ್ಲಿ ಛಾವಣಿಗೆ ಬೇಡಿಕೆ ಕಮ್ಮಿ ಏನಿರಲಿಲ್ಲ. ಬಿಡುವಿದ್ದಾಗ ಹಳೆಯ ಡಿಕೆಡಬ್ಲ್ಯು ಆರ್‌ಟಿ 125 ಗಾಡಿಯೊಂದನ್ನು ರೇಸ್‌ಗೆ ಸಿದ್ಧ ಮಾಡುತ್ತಿದ್ದ.

ಈ ಆರ್‌ಟಿ 125 ಬಗ್ಗೆ ಒಂದು ಮಾತು. ಯುದ್ಧದಲ್ಲಿ ಸೋತ ಜರ್ಮನಿಯ ಈ ಡಿಸೈನನ್ನು ಗೆದ್ದವರೆಲ್ಲ ಎತ್ತಿಕೊಂಡರು. ಬ್ರಿಟನ್ನಿನ ಬಿಎಸ್‌ಎ ಬ್ಯಾಂಟಮ್, ಅಮೆರಿಕದಲ್ಲಿ ಹಾರ್ಲೆಯವರ 125, ರಷ್ಯಾದವರದ್ದೊಂದು. 1955ರಲ್ಲಿ ಯಮಹಾ ತನ್ನ ಮೊಟ್ಟಮೊದಲ ಮೋಟಾರ್‌ಸೈಕಲ್ ವೈಎ-1 ಮಾಡಿದ್ದೂ ಇದನ್ನೇ ನೋಡಿಕೊಂಡು. ಹಾಗಾಗಿ ನಮ್ಮ ರಸ್ತೆಯ ಆರ್‌ಎಕ್ಸ್‌ನ ವಂಶಾವಳಿ ಹುಡುಕುತ್ತಾ ಹೋದರೆ ಚೋಪಾವ್‌ಗೇ ಹೋಗಿ ಮುಟ್ಟುತ್ತೇವೆ.

ಯುದ್ಧದ ನಂತರ ಡಿಕೆಡಬ್ಲ್ಯು ಹೆಸರು ಪಶ್ಚಿಮ ಜರ್ಮನಿಗೆ ಹೋಯಿತು. ಚೋಪಾವ್ ಕಾರ್ಖಾನೆ ಪೂರ್ವದಲ್ಲಿ ಉಳಿದು ಸರ್ಕಾರದ್ದಾಯಿತು. ಮೊದಲು ಐಎಫ್‌ಎ, ಆಮೇಲೆ ಎಂಝಡ್. 1953ರ ಹೊತ್ತಿಗೆ ಅಲ್ಲಿನ ರೇಸಿಂಗ್ ವಿಭಾಗದ ಹೊಣೆ ಕಾಡೆನ್‌ಗೆ ಬಂತು. ವಿಭಾಗ ಅಂದರೆ ನಾಲ್ಕಾರು ಜನ, ಒಂದಿಷ್ಟು ಮಷಿನ್ನು. ದುಡ್ಡಿಲ್ಲ, ಒಳ್ಳೆಯ ಮಿಶ್ರಲೋಹ ಸುಲಭಕ್ಕೆ ಸಿಗಲ್ಲ, ಒಳ್ಳೆಯ ಬೇರಿಂಗೂ ಹಾಗೇ. ಎದುರಿಗೆ ಇಟಲಿಯವರ ಎಂವಿ ಆಗಸ್ಟಾ, ಡುಕಾಟಿ, ಆಮೇಲಾಮೇಲೆ ಹೋಂಡಾ. ಅವರೆಲ್ಲರದ್ದೂ ಫೋರ್-ಸ್ಟ್ರೋಕ್. ಟು-ಸ್ಟ್ರೋಕ್ ಅಂದರೆ ಹಾಲಿನವರು ಓಡಿಸುವ ಗಾಡಿ ಅನ್ನೋ ಕಾಲ ಅದು.

ನಮ್ಮ ಲ್ಯಾಬ್‌ನ ಮೂಲೆಯಲ್ಲಿ ಸೀಳಿಟ್ಟ ಟು-ಸ್ಟ್ರೋಕ್ ಎಂಜಿನ್ ಇದೆಯಲ್ಲ, ವೈವಾ ದಿನ ಬಿಟ್ಟು ಬೇರೆ ದಿನ ಯಾರೂ ಮುಟ್ಟದ್ದು, ಅದನ್ನು ನೆನಪು ಮಾಡಿಕೊಳ್ಳಿ. ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅವನ್ನು ತೆರೆಯುತ್ತೆ, ಮುಚ್ಚುತ್ತೆ. ತೊಂದರೆ ಏನಂದರೆ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವಾಗ ಹೊಗೆ ಹೋಗುವ ಕಿಂಡಿಯೂ ತೆರೆದೇ ಇರುತ್ತೆ. ಬಂದದ್ದರಲ್ಲಿ ಒಂದು ಪಾಲು ಹಾಗೇ ಸೈಲೆನ್ಸರ್ ದಾರಿ ಹಿಡಿಯುತ್ತೆ. ಹಣ ಪಾವತಿಸಿ ಮೆಸ್‌ನ ಒಂದು ಬಾಗಿಲಿಂದ ಒಳಗೆ ಹೋಗಿ, ಊಟ ಮಾಡದೆ ಇನ್ನೊಂದು ಬಾಗಿಲಿಂದ ಹೊರಗೆ ಬಂದ ಹಾಗೆ.

ಕಾಡೆನ್ ಹಿಡಿದದ್ದು ಇದನ್ನು. ಎಕ್ಸಾಸ್ಟ್ ಕಿಂಡಿ ತೆರೆದ ಕ್ಷಣ ಒಂದು ಒತ್ತಡದ ಅಲೆ ಪೈಪಿನೊಳಗೆ ನುಗ್ಗುತ್ತೆ, ಶಬ್ದದ ವೇಗದಲ್ಲಿ. ಪೈಪು ಅಗಲವಾಗುತ್ತಾ ಹೋದರೆ ಆ ಅಲೆಯಿಂದ ಒಂದು ಎಳೆತದ ಅಲೆ ಹಿಂದಕ್ಕೆ ಬಂದು ಸಿಲಿಂಡರಿನಿಂದ ಹೊಗೆಯನ್ನು ಜಗ್ಗುತ್ತೆ, ಹೊಸ ಗಾಳಿಯನ್ನೂ ಕರೆತರುತ್ತೆ. ಅಗಲವಾದ ಪೈಪು ಮತ್ತೆ ಕಿರಿದಾದರೆ ಅಲ್ಲಿಂದ ತಳ್ಳುವ ಅಲೆ ವಾಪಸ್ ಬರುತ್ತೆ. ಅದು ಕಿಂಡಿ ಮುಚ್ಚುವ ಸ್ವಲ್ಪ ಮೊದಲು ಬಂದು ತಲುಪಿದರೆ, ತಪ್ಪಿಸಿಕೊಂಡು ಹೋಗುತ್ತಿದ್ದ ಮಿಶ್ರಣವನ್ನು ಸಿಲಿಂಡರಿಗೇ ನೂಕುತ್ತೆ. ಮೆಸ್ ಬಾಗಿಲಲ್ಲಿ ಹಿಡಿದು ವಾಪಸ್ ಊಟಕ್ಕೆ ಕೂರಿಸಿದ ಹಾಗೆ. ಸೂಪರ್‌ಚಾರ್ಜರ್ ಇಲ್ಲದ ಸೂಪರ್‌ಚಾರ್ಜಿಂಗ್. ಒಂದೂ ಚಲಿಸುವ ಭಾಗ ಇಲ್ಲ, ಬರೀ ತಗಡು.

ಸಮಯದ ಲೆಕ್ಕ ನೋಡಿ. 10,800 ಆರ್‌ಪಿಎಂ ಅಂದರೆ ಸೆಕೆಂಡಿಗೆ 180 ಸುತ್ತು, ಒಂದು ಸುತ್ತಿಗೆ ಸುಮಾರು 5.5 ಮಿಲಿಸೆಕೆಂಡ್. ಎಕ್ಸಾಸ್ಟ್ ತೆರೆದಿರುವುದು ಹೆಚ್ಚುಕಮ್ಮಿ ಅದರ ಅರ್ಧ ಹೊತ್ತು. ಅಷ್ಟರಲ್ಲಿ ಅಲೆ ಹೋಗಿ ಬರಬೇಕು. ಪೈಪಿನ ಉದ್ದ ಸ್ವಲ್ಪ ಆಚೀಚೆ ಆದರೂ ಅಲೆ ತಪ್ಪಾದ ಹೊತ್ತಿಗೆ ಬರುತ್ತೆ. ಟು-ಸ್ಟ್ರೋಕ್ ಗಾಡಿ ಒಂದು ಆರ್‌ಪಿಎಂವರೆಗೆ ಮಂಕಾಗಿದ್ದು ಆಮೇಲೆ ಇದ್ದಕ್ಕಿದ್ದಂತೆ ಎಳೆಯೋದು ಇದಕ್ಕೇ. ಕಾಡೆನ್ ಈ ಅಲೆಗಳನ್ನು ಆಸಿಲೋಸ್ಕೋಪ್ ಇಟ್ಟು ನೋಡಿದ. ಪೈಪು ಕತ್ತರಿಸು, ಬೆಸುಗೆ ಹಾಕು, ಓಡಿಸು, ಅಳೆ, ಮತ್ತೆ ಕತ್ತರಿಸು. ವರ್ಷಗಟ್ಟಲೆ ಅದೇ ಕೆಲಸ.

ಈ ಪೈಪನ್ನು ಶೂನ್ಯದಿಂದ ಕಂಡುಹಿಡಿದವನು ಅವನೇ ಅನ್ನೋದು ತಪ್ಪಾಗುತ್ತೆ. ಪಶ್ಚಿಮದ ಡಿಕೆಡಬ್ಲ್ಯುನಲ್ಲಿ ಎರಿಕ್ ವೋಲ್ಫ್ 1951ರ ಸುಮಾರಿಗೇ ಇಂಥ ಪೈಪು ಹಾಕಿದ್ದ. ಗಾಳಿ ಒಳಗೆ ಬಿಡುವ ತಿರುಗುವ ತಟ್ಟೆ, ಅಂದರೆ ರೋಟರಿ ಡಿಸ್ಕ್ ವಾಲ್ವ್, ಡೇನಿಯಲ್ ಝಿಮ್ಮರ್‌ಮನ್ ಎಂಬುವನ ಗಾಡಿಯಿಂದ ಬಂದದ್ದು. ಕಾಡೆನ್ ಇವೆರಡನ್ನೂ ತಂದು, ಎಕ್ಸಾಸ್ಟ್ ಎದುರಿಗೆ ಮೂರನೇ ಟ್ರಾನ್ಸ್‌ಫರ್ ಕಿಂಡಿಯೊಂದನ್ನು ಸೇರಿಸಿದ. ಪಿಸ್ಟನ್ನಿನ ತೂತಿನ ಮೂಲಕ ಹೋಗುವ ಆ ಗಾಳಿ ಪಿಸ್ಟನ್ ತಲೆಯನ್ನೂ ಬೇರಿಂಗನ್ನೂ ತಂಪು ಮಾಡುತ್ತಿತ್ತು. ಮೂರನ್ನೂ ಒಂದಕ್ಕೊಂದು ಹೊಂದಿಸಿದ್ದು ಅವನ ಹೆಚ್ಚುಗಾರಿಕೆ. ಐವತ್ತರ ದಶಕದ ಮಧ್ಯದಲ್ಲಿ ಲೀಟರಿಗೆ 100 ಎಚ್‌ಪಿ ದಾಟಿತು. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಎಚ್‌ಪಿ ಕೊಟ್ಟಿತು. ಲೀಟರಿಗೆ 200! ಸೂಪರ್‌ಚಾರ್ಜರ್ ಇಲ್ಲದೆ ಅಲ್ಲಿಯವರೆಗೆ ಯಾರೂ ಮುಟ್ಟದ ಅಂಕೆ.

1958ರಲ್ಲಿ ಸ್ವೀಡನ್ನಿನಲ್ಲಿ ಹೋರ್ಸ್ಟ್ ಫ್ಯೂಗ್ನರ್ ಎಂಝಡ್‌ಗೆ ಮೊದಲ ಗ್ರಾನ್ ಪ್ರಿ ಗೆಲುವು ತಂದ. ಆದರೆ ತಂಡದ ನಿಜವಾದ ಆಸೆ ಎರ್ನ್ಸ್ಟ್ ಡೆಗ್ನರ್. ಒಳ್ಳೆಯ ರೈಡರ್, ಜೊತೆಗೆ ಎಂಜಿನ್ ಗೊತ್ತಿದ್ದವನು. 1961ರಲ್ಲಿ 125 ಸಿಸಿ ವಿಭಾಗದಲ್ಲಿ ಹೋಕನ್‌ಹೈಮ್ ಗೆದ್ದ, ತವರಿನ ಸಾಕ್ಸೆನ್‌ರಿಂಗ್ ಗೆದ್ದ, ಸೆಪ್ಟೆಂಬರಿನಲ್ಲಿ ಮೋನ್ಝಾ ಗೆದ್ದ. ಅಂಕಪಟ್ಟಿಯಲ್ಲಿ ಮುಂದೆ. ಉಳಿದದ್ದು ಎರಡೇ ರೇಸು. ಸಣ್ಣ ಶೆಡ್ಡಿನ ಆ ನಾಲ್ಕಾರು ಜನ ಹೋಂಡಾವನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗುವುದು ಕಣ್ಣೆದುರಿಗೇ ಇತ್ತು.

ಈ ನಡುವೆ ಎರಡು ಸಂಗತಿ ನಡೆದಿದ್ದವು. ಆಗಸ್ಟ್ 13ರಂದು ಬರ್ಲಿನ್ ಗೋಡೆ ಏಳತೊಡಗಿತ್ತು. ಮತ್ತು ಸುಝುಕಿಯವರು ಡೆಗ್ನರ್ ಜೊತೆ ಗುಟ್ಟಾಗಿ ಮಾತಾಡಿದ್ದರು. ಆ ಎರಡು ವರ್ಷ ಸುಝುಕಿ ಗಾಡಿಗಳು ರೇಸಿನಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಸೆಪ್ಟೆಂಬರ್ 17, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್. ಅದೇ ವಾರಾಂತ್ಯ ಡೆಗ್ನರ್‌ನ ಹೆಂಡತಿ, ಇಬ್ಬರು ಮಕ್ಕಳು ಒಂದು ಕಾರಿನ ಡಿಕ್ಕಿಯಲ್ಲಿ ಅಡಗಿ ಪಶ್ಚಿಮಕ್ಕೆ ದಾಟಿದರು. ಮಕ್ಕಳು ಅಳಬಾರದು ಅಂತ ನಿದ್ರೆ ಔಷಧಿ ಕೊಟ್ಟಿದ್ದರು. ಇತ್ತ ರೇಸಿನಲ್ಲಿ ಡೆಗ್ನರ್‌ನ ಎಂಜಿನ್ ಕೈಕೊಟ್ಟಿತು. ಅವನು ತಂಡದ ಜೊತೆ ವಾಪಸ್ ಹೋಗಲಿಲ್ಲ. ಡೆನ್ಮಾರ್ಕ್ ದಾಟಿ ಪಶ್ಚಿಮ ಜರ್ಮನಿಗೆ ಹೋಗಿಬಿಟ್ಟ. ಅರ್ಜೆಂಟೀನಾದ ಕೊನೆಯ ರೇಸಿನಲ್ಲಿ ಅವನು ಇರಲಿಲ್ಲ. ಹೋಂಡಾದ ಟಾಮ್ ಫಿಲಿಸ್ ಅದನ್ನು ಗೆದ್ದು 2 ಅಂಕಗಳ ಅಂತರದಲ್ಲಿ ಚಾಂಪಿಯನ್ ಆದ.

ಚಳಿಗಾಲದಲ್ಲಿ ಡೆಗ್ನರ್ ಜಪಾನಿನ ಹಮಾಮತ್ಸುನಲ್ಲಿ ಸುಝುಕಿಯವರಿಗೆ ಎಂಜಿನ್ ಮಾಡಿಕೊಡುತ್ತಿದ್ದ. ಎಂಝಡ್‌ನ ಕೆಲವು ಭಾಗಗಳು ಅವನ ಜೊತೆ ಹೋಗಿದ್ದವು. ಕೈಯಲ್ಲಿ ಒಯ್ದದ್ದಕ್ಕಿಂತ ತಲೆಯಲ್ಲಿ ಒಯ್ದದ್ದೇ ಜಾಸ್ತಿ. 1962ರಲ್ಲಿ ಅವನು ಸುಝುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ. ರೋಡ್ ರೇಸಿಂಗ್‌ನಲ್ಲಿ ಟು-ಸ್ಟ್ರೋಕ್‌ಗೆ ಸಿಕ್ಕ ಮೊದಲ ವಿಶ್ವ ಪಟ್ಟ ಅದು. ಮರುವರ್ಷ ಹ್ಯೂ ಆಂಡರ್ಸನ್ 50 ಮತ್ತು 125 ಎರಡನ್ನೂ ಸುಝುಕಿಗೆ ಗೆದ್ದುಕೊಟ್ಟ.

ಡೆಗ್ನರ್‌ನನ್ನು ಬರೀ ಕಳ್ಳ ಅನ್ನೋಕೆ ನನಗೆ ಮನಸ್ಸು ಬರಲ್ಲ. ಗೋಡೆ ಕಟ್ಟಿದ ದೇಶದಿಂದ ಹೆಂಡತಿ ಮಕ್ಕಳನ್ನು ಆಚೆ ತರಲು ಅವನ ಹತ್ತಿರ ಮಾರೋಕೆ ಇದ್ದದ್ದು ಆ ವಿದ್ಯೆ ಒಂದೇ. ಆದರೆ ಆ ವಿದ್ಯೆ ಅವನೊಬ್ಬನದ್ದಲ್ಲ, ಇದೂ ನಿಜ. ಮುಂದೆ ಅವನ ಪಾಡೂ ಚೆನ್ನಾಗಿರಲಿಲ್ಲ. 1963ರಲ್ಲಿ ಸುಝುಕಾದಲ್ಲಿ ಬಿದ್ದು ಪೆಟ್ರೋಲ್ ಬೆಂಕಿಯಲ್ಲಿ ಮುಖ ಮೈ ಸುಟ್ಟುಕೊಂಡ, ಚರ್ಮ ಕಸಿ ಮಾಡಿಸಿಕೊಳ್ಳುತ್ತಾ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. 1983ರಲ್ಲಿ ತೀರಿಕೊಂಡ. ಎಫ್1 ನೋಡುವವರಿಗೆ ಸುಝುಕಾದ ಡೆಗ್ನರ್ ತಿರುವು ಗೊತ್ತಿರುತ್ತೆ. ಅದು ಇವನದೇ ಹೆಸರು.

ಕಾಡೆನ್ ಎಲ್ಲಿಗೂ ಹೋಗಲಿಲ್ಲ. ಅದೇ ಚೋಪಾವ್, ಅದೇ ಶೆಡ್ಡು. 1963ರಲ್ಲಿ ಸಾಕ್ಸೆನ್‌ರಿಂಗ್‌ನಲ್ಲಿ ಮೈಕ್ ಹೈಲ್‌ವುಡ್‌ನಂಥ ರೈಡರ್‌ಗೆ ತನ್ನ 250 ಗಾಡಿ ಕೊಟ್ಟು ಹೋಂಡಾ ಎದುರು ಗೆಲ್ಲಿಸಿದ. ಒಟ್ಟು 13 ಗ್ರಾನ್ ಪ್ರಿ ಗೆಲುವು. ಆದರೆ ಜಪಾನಿನವರು ಅವನದೇ ದಾರಿಯಲ್ಲಿ ಅವನಿಗಿಲ್ಲದ ದುಡ್ಡು, ಅವನಿಗಿಲ್ಲದ ಲೋಹ ಸುರಿದು ಮುಂದೆ ಹೋಗಿದ್ದರು.

ಡಾಂಬರು ಬಿಟ್ಟು ಮಣ್ಣಿಗಿಳಿದರೂ ಅದೇ ಕತೆ. ಮೋಟೋಕ್ರಾಸ್‌ನಲ್ಲಿ, ಅಂದರೆ ದಿಬ್ಬ, ಕೆಸರು, ಜಿಗಿತಗಳ ಆ ಓಟದಲ್ಲಿ, 500 ಸಿಸಿ ಪಟ್ಟ 1965ರವರೆಗೂ ಫೋರ್-ಸ್ಟ್ರೋಕ್‌ನದ್ದು. ಬಿಎಸ್‌ಎ ಮೇಲೆ ಜೆಫ್ ಸ್ಮಿತ್ ಎರಡು ವರ್ಷ ಸತತ ಗೆದ್ದಿದ್ದ. 1966ರಲ್ಲಿ ಪಾಲ್ ಫ್ರೀಡ್ರಿಕ್ಸ್ ಎಂಬುವನು 360 ಸಿಸಿ ಟು-ಸ್ಟ್ರೋಕ್ ತಂದು ಅವರನ್ನೆಲ್ಲ ಹಿಂದೆ ಹಾಕಿದ. 66, 67, 68, ಸತತ ಮೂರು ಪಟ್ಟ. ಅವನು ಪೂರ್ವ ಜರ್ಮನಿಯವನೇ! ಆದರೆ ಅವನ ಗಾಡಿ ಎಂಝಡ್ ಅಲ್ಲ, ಜೆಕೊಸ್ಲೊವಾಕಿಯಾದ ಸಿಝಡ್. ನಮ್ಮ ಮೈಸೂರಿನ ಕಾರ್ಖಾನೆಗೆ ತಂತ್ರಜ್ಞಾನ ಕೊಟ್ಟ ಜಾವಾದ ಒಡಹುಟ್ಟು ಅದು. 250 ಸಿಸಿಯಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 68, 69ರಲ್ಲಿ ಸಿಝಡ್ ಮೇಲೆ ಗೆದ್ದ. ಆಮೇಲೆ ಸುಝುಕಿಗೆ ಹೋಗಿ 1970, 71, 72. ಆರು ಪಟ್ಟ, ಆ ಕಾಲದ ದಾಖಲೆ. ಮೋಟೋಕ್ರಾಸ್‌ನಲ್ಲಿ ಜಪಾನಿ ಕಂಪನಿಯೊಂದಕ್ಕೆ ಮೊದಲ ವಿಶ್ವ ಪಟ್ಟ ಬಂದದ್ದೂ 1970ರಲ್ಲೇ. 500ರಲ್ಲಿ ರೋಜರ್ ಡಿಕೋಸ್ಟರ್ ಸುಝುಕಿಗೆ ಐದು ಗೆದ್ದ. ಆ ಗಾಡಿಗಳ ಫೋಟೋ ತೆಗೆದು ನೋಡಿ. ಎಂಜಿನ್ನಿನಿಂದ ಹೊರಟು, ಹೊಟ್ಟೆ ಉಬ್ಬಿಸಿ, ಮತ್ತೆ ಸಣ್ಣಗಾಗುವ ಒಂದು ಪೈಪು ಎಲ್ಲದರಲ್ಲೂ ಇರುತ್ತೆ.

ಎಂಝಡ್‌ನ ಪಾಲಿಗೆ ಸಮಾಧಾನ ಇದ್ದದ್ದು ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್‌ನಲ್ಲಿ. ಆರು ದಿನ ಕಾಡುಮೇಡು ಸುತ್ತುವ ಆ ಸ್ಪರ್ಧೆಯ ವಿಶ್ವ ಟ್ರೋಫಿಯನ್ನು ಅವರ ಗಾಡಿಗಳ ಮೇಲೆ ಪೂರ್ವ ಜರ್ಮನಿ 1963ರಿಂದ 67ರವರೆಗೆ ಸತತ ಐದು ಸಲ, 1969ರಲ್ಲಿ ಮತ್ತೊಮ್ಮೆ ಗೆದ್ದಿತು.

ಎಪ್ಪತ್ತರ ದಶಕದ ಮಧ್ಯದಲ್ಲಿ ಎಂಝಡ್ ರೋಡ್ ರೇಸಿಂಗ್ ನಿಲ್ಲಿಸಿತು. 1989ರಲ್ಲಿ ಗೋಡೆ ಬಿತ್ತು, ಸರ್ಕಾರಿ ಕಾರ್ಖಾನೆ ಖಾಸಗಿಯವರ ಕೈಗೆ ಹೋಯಿತು. ಅಷ್ಟು ಹೊತ್ತಿಗೆ 500 ಸಿಸಿ ಗ್ರಾನ್ ಪ್ರಿಯಲ್ಲಿ ಓಡುತ್ತಿದ್ದದ್ದೂ, ಮೋಟೋಕ್ರಾಸ್‌ನಲ್ಲಿ ಪಟ್ಟ ಗೆಲ್ಲುತ್ತಿದ್ದದ್ದೂ ಹೆಚ್ಚುಕಮ್ಮಿ ಎಲ್ಲ ಟು-ಸ್ಟ್ರೋಕ್‌ಗಳೇ. ಕಾಡೆನ್ 1996ರ ಮಾರ್ಚ್ 3ರಂದು ತೀರಿಕೊಂಡ, 76 ವರ್ಷ. ಅದೇ ವರ್ಷ ಹೊಗೆ ನಿಯಮ ಬಿಗಿಯಾಗಿ ನಮ್ಮಲ್ಲಿ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು.