ಪತಂಗಗಳ ದಿಬ್ಬಣವನ್ನು ಕಂಡ ಉಪಾಧ್ಯಾಯ

ವಿಜ್ಞಾನಿಗಳೆಂದರೆ ಸಿರಿವಂತರ ಮನೆಯಲ್ಲಿ ಹುಟ್ಟಿ, ಬೆಲೆಬಾಳುವ ಉಪಕರಣಗಳ ನಡುವೆ ಬೆಳೆದವರೆಂದು ನಮ್ಮಲ್ಲಿ ಹಲವರ ಎಣಿಕೆ. ಫ್ರಾನ್ಸ್ ದೇಶದ ಕೀಟಶಾಸ್ತ್ರಜ್ಞ ಜೀನ್ ಹೆನ್ರಿ ಫಾಬ್ರರ ಬಾಳು ಈ ಎಣಿಕೆಯನ್ನು ಸುಳ್ಳಾಗಿಸುತ್ತದೆ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರನ್ನು ಬಲ್ಲ ನಮಗೆ ಅವರ ಕಥೆ ಪರಕೀಯವೆನಿಸದು.

1823ರ ಡಿಸೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಬಡ ಹಳ್ಳಿಯೊಂದರಲ್ಲಿ ಫಾಬ್ರರು ಜನಿಸಿದರು. ತಂದೆ ಹಳ್ಳಿಯನ್ನು ಬಿಟ್ಟು ಪಟ್ಟಣ ಸೇರಿ ಕಾಫಿ ಅಂಗಡಿ ತೆರೆದರು, ಅದು ನಡೆಯಲಿಲ್ಲ. ಬೇರೆ ಊರಿನಲ್ಲಿ ತೆರೆದದ್ದೂ ಕೈಹಿಡಿಯಲಿಲ್ಲ. ಬಾಲಕನು ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದನು, ರೈಲುದಾರಿಯ ಕೆಲಸದಲ್ಲಿ ಕೂಲಿ ಮಾಡಿದನು. ಬಳಿಕ ಸ್ಪರ್ಧೆಯಲ್ಲಿ ಗೆದ್ದು ವಿದ್ಯಾರ್ಥಿವೇತನ ಪಡೆದು, 1842ರಲ್ಲಿ ಉಪಾಧ್ಯಾಯನಾದನು. ಅಲ್ಪ ಸಂಬಳದಲ್ಲಿ ಸಂಸಾರವನ್ನು ತೂಗಿಸುತ್ತ, ಹೆಚ್ಚಿನ ಪರೀಕ್ಷೆಗಳಿಗೆ ತಾವೇ ಓದಿಕೊಂಡ ಫಾಬ್ರರು 1855ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು.

ಅವಿನ್ಯೋನ್ ನಗರದಲ್ಲಿ ಅವರು ಹೆಣ್ಣುಮಕ್ಕಳಿಗೂ ವಿಜ್ಞಾನವನ್ನು ಬೋಧಿಸುತ್ತಿದ್ದರು. ಹೂವು ಕಾಯಾಗುವ ಬಗೆಯನ್ನು ಬಾಲಿಕೆಯರೆದುರು ವಿವರಿಸಿದ್ದೇ ಅಪರಾಧವಾಯಿತು. ಸಂಪ್ರದಾಯಸ್ಥರು ಕೆರಳಿದರು. 1870ರ ಸುಮಾರಿಗೆ ಕೆಲಸವೂ ಹೋಯಿತು, ಬಾಡಿಗೆಯ ಮನೆಯೂ ಹೋಯಿತು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲರು ಆ ಹೊತ್ತಿನಲ್ಲಿ ಸಾಲ ಕೊಟ್ಟು ಕಾಪಾಡಿದರು. ಪಠ್ಯಪುಸ್ತಕಗಳನ್ನು ಬರೆದು ಹೊಟ್ಟೆ ಹೊರೆದ ಫಾಬ್ರರು 1879ರಲ್ಲಿ ಸೆರಿನ್ಯಾನ್ ಗ್ರಾಮದಲ್ಲಿ ಕಲ್ಲುಮುಳ್ಳಿನ ಬೀಳು ನೆಲವೊಂದನ್ನು ಕೊಂಡರು. ಅದೇ ಅವರ ಪ್ರಯೋಗಶಾಲೆ.

ಅಲ್ಲಿ ಒಂದು ಮೇ ತಿಂಗಳ ಬೆಳಿಗ್ಗೆ ದೊಡ್ಡ ನವಿಲು ಪತಂಗದ ಹೆಣ್ಣೊಂದು ಗೂಡನ್ನೊಡೆದು ಹೊರಬಂದಿತು. ಅದನ್ನು ತಂತಿಬಲೆಯ ಮುಚ್ಚಳದಡಿ ಇಟ್ಟರು. ರಾತ್ರಿ ಮನೆಯೊಳಗೆ ಸುಮಾರು 40 ಗಂಡು ಪತಂಗಗಳು ನುಗ್ಗಿದವು! ಎಂಟು ರಾತ್ರಿಗಳಲ್ಲಿ ಬಂದವುಗಳ ಸಂಖ್ಯೆ ಸುಮಾರು 150. ಆ ಸೀಮೆಯಲ್ಲಿ ಈ ಜಾತಿಯೇ ವಿರಳವಾದುದರಿಂದ, ಅವು ದೂರದಿಂದ ಬಂದ ದಿಬ್ಬಣವೆಂಬುದು ಸ್ಪಷ್ಟವಾಯಿತು.

ಕರೆದವರಾರು? ಫಾಬ್ರರು ಹೆಣ್ಣನ್ನು ಗಾಳಿಯಾಡದಂತೆ ಮುಚ್ಚಿಟ್ಟರು. ಒಂದು ಗಂಡೂ ಸುಳಿಯಲಿಲ್ಲ. ಬೇರೊಂದು ಜಾತಿಯ ಹೆಣ್ಣನ್ನು ಗಾಜಿನ ಗಂಟೆಯೊಳಗೆ ಕಾಣುವಂತೆ ಇರಿಸಿದರು. ಗಂಡುಗಳು ಅದನ್ನು ಲೆಕ್ಕಿಸದೆ, ಅದು ಮೊದಲು ಕುಳಿತಿದ್ದ ಬರಿದಾದ ಎಡೆಗೆ ಮುತ್ತಿದವು. ಕಣ್ಣಲ್ಲ, ಅಲ್ಲುಳಿದ ಕಂಪೇ ಕರೆಯುತ್ತಿದ್ದಿತು.

ಇದರಲ್ಲಿ ಒಂದು ಕುಲದ ಅಳಿವು ಉಳಿವಿನ ಲೆಕ್ಕವೇ ಅಡಗಿದೆ. ಬೆಳೆದ ನವಿಲು ಪತಂಗವು ಏನನ್ನೂ ತಿನ್ನದು. ಅದರ ಆಯುಸ್ಸು ಕೆಲವೇ ದಿನಗಳು. ಹೆಣ್ಣು ಕೂಡುವ ತನಕ ಕುಳಿತಲ್ಲೇ ಕಾಯುತ್ತದೆ, ಗಂಡು ಹಾರಿ ಹುಡುಕುತ್ತದೆ; ಕೂಡಿದ ಮೇಲೆ ಹೆಣ್ಣು ಮೊಟ್ಟೆಯಿಡುವ ಎಡೆಯನ್ನರಸಿ ಹೊರಡುತ್ತದೆ. ಹೀಗೆ ಕುಲವು ಹೊಸ ಎಡೆಗೆ ಹರಡುತ್ತದೆ. ಸಂಖ್ಯೆ ತೀರ ಇಳಿದು ಜೋಡಿ ಸಿಗದಾದರೆ ಮೊಟ್ಟೆಗಳು ಬರಡಾಗಿ, ಮುಂದಿನ ವರ್ಷದ ಸಂತತಿ ಮತ್ತೂ ಕುಗ್ಗುತ್ತದೆ.

1915ರಲ್ಲಿ, 91ರ ವಯಸ್ಸಿನಲ್ಲಿ, ಫಾಬ್ರರು ತೀರಿಕೊಂಡರು. 1959ರಲ್ಲಿ ಜರ್ಮನಿಯ ಬುಟೆನಾಂಟ್ ಎಂಬ ರಸಾಯನಶಾಸ್ತ್ರಜ್ಞರು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಇಂತಹ ಕಂಪಿನ ವಸ್ತುವನ್ನು ಬೇರ್ಪಡಿಸಿದರು. ಇಂದು ನಮ್ಮ ನಾಡಿನ ಹತ್ತಿಯ ಹೊಲಗಳಲ್ಲಿ ಗುಲಾಬಿ ಕಾಯಿಕೊರಕದ ಗಂಡು ಪತಂಗಗಳನ್ನು ಸೆಳೆಯಲು ತೂಗುಹಾಕುವ ಮೋಹಕ ಬಲೆಯಲ್ಲಿರುವುದು ಹೆಣ್ಣಿನ ಕಂಪಿನ ಅನುಕರಣೆಯೇ. ಕಂಪು ಹೊಲದ ತುಂಬ ಹರಡಿದರೆ ಗಂಡು ದಾರಿತಪ್ಪುತ್ತದೆ, ಹುಳುವಿನ ಸಂತತಿ ಇಳಿಯುತ್ತದೆ. ಊರಿನಲ್ಲಿ ಹೊಲವನ್ನು ಬಿಟ್ಟು ಬಂದಿರುವ ನಮ್ಮ ಓದುಗರು ಮುಂದಿನ ರಜೆಯಲ್ಲಿ ಹತ್ತಿಯ ಸಾಲಿನ ನಡುವೆ ಆ ಬಲೆಯನ್ನು ಕಂಡಾಗ, ಹೂವಿನ ಪಾಠಕ್ಕಾಗಿ ಕೆಲಸ ಕಳೆದುಕೊಂಡ ಆ ಉಪಾಧ್ಯಾಯರನ್ನು ನೆನೆಯಲೆಂದು ನಾವು ಬಯಸುತ್ತೇವೆ.